ಸೈರನ್ ಹಾಕದೆ ಹೋದ ಆಂಬುಲೆನ್ಸ್

ಕುಂಜತ್ತೂರು ಪೇಟೆಯಲ್ಲಿ ಆಂಬುಲೆನ್ಸಿನ ಸದ್ದು ಕೇಳಿದರೆ ಯಾರೂ ಸುಮ್ಮನೆ ಕೂರುವುದಿಲ್ಲ. ಮಮ್ಮುಂಞಿ ಕಾಕನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರು ಗ್ಲಾಸನ್ನು ಅಲ್ಲೇ ಬಿಟ್ಟು ರಸ್ತೆಗೆ ಇಳಿಯುತ್ತಾರೆ. ಒಬ್ಬ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾನೆ, ಇನ್ನೊಬ್ಬ ಮೀನಿನ ಗಾಡಿಯನ್ನು ಬದಿಗೆ ತಳ್ಳುತ್ತಾನೆ, ಬೈಕಿನ ಹುಡುಗರು ಮುಂದಿನಿಂದ ಹಾರ್ನ್ ಹೊಡೆಯುತ್ತಾ ದಾರಿ ಬಿಡಿಸುತ್ತಾರೆ. ವಾಟ್ಸಾಪಿನಲ್ಲಿ ಸುದ್ದಿ ಗಾಡಿಗಿಂತ ಮೊದಲೇ ತಲಪಾಡಿ ಗಡಿ ದಾಟಿರುತ್ತದೆ. ಒಳಗೆ ಮಲಗಿದವರು ಯಾರು, ಯಾವ ಮನೆಯವರು ಎಂದು ಯಾರೂ ಕೇಳುವುದಿಲ್ಲ. ಜೀವ ಒಂದು ಉಳಿಯಬೇಕು, ಅಷ್ಟೆ.

ಆ ಆಂಬುಲೆನ್ಸ್ ಯುವಕ ಸಂಘದ್ದು. ಓಡಿಸುವವನು ಇರ್ಷಾದ್. ಅದರ ಮೇಲೆ ಅಕ್ಷರ ಅಂಟಿಸಿದವನು ಅವನ ಗೆಳೆಯ ಶಿವಪ್ರಸಾದ. ಒಂದನೇ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಇಬ್ಬರೂ. ಶಿವುವಿಗೆ ಪೇಟೆಯಲ್ಲಿ ಸ್ಟಿಕ್ಕರ್ ಅಂಗಡಿ. ಗಾಡಿಯ ಮುಂಭಾಗಕ್ಕೆ ಅವನು ಹೆಸರು ಅಂಟಿಸಿದ ದಿನ ಇರ್ಷಾದ್ ನೋಡಿ ಬೊಬ್ಬೆ ಹಾಕಿದ್ದ.

"ಎಂತ ಮಾರಾಯ ಇದು, ಎಲ್ಲ ಉಲ್ಟಾ ಅಂಟಿಸಿದ್ದಿ!"

"ಮುಂದೆ ಹೋಗುವವನು ಕನ್ನಡಿಯಲ್ಲಿ ನೋಡುವಾಗ ಸರಿ ಕಾಣ್ತದೆ. ಅದು ನಿನಗೆ ಓದ್ಲಿಕ್ಕೆ ಅಲ್ಲ, ಅವನಿಗೆ ಓದ್ಲಿಕ್ಕೆ. ನೀನು ಬರೇ ಓಡ್ಸು," ಎಂದು ಶಿವು ನಕ್ಕಿದ್ದ.

ಅಂಥ ಶಿವುವಿನ ನಗು ಈಚೆಗೆ ನಿಂತೇ ಹೋಗಿತ್ತು. ಅಂಗಡಿಯ ಶಟರ್ ಅರ್ಧಕ್ಕೆ ಎಳೆದಿರುತ್ತಿತ್ತು. ಫೋನಿನ ಕ್ಯಾಮರಾಕ್ಕೆ ಕಪ್ಪು ಟೇಪು ಅಂಟಿಸಿದ್ದ. ರಸ್ತೆಯಲ್ಲಿ ಯಾರಾದರೂ ಮೊಬೈಲ್ ಎತ್ತಿದರೆ ಮುಖ ತಿರುಗಿಸುತ್ತಿದ್ದ.

"ಅವರು ನನ್ನ ವಿಡಿಯೋ ತೆಗೀತಾ ಇದ್ದಾರೆ. ಒಂದು ದಿನ ಎಲ್ಲ ಸೇರಿ ಬರ್ತಾರೆ, ನೋಡು," ಎಂದು ಒಮ್ಮೆ ಇರ್ಷಾದನ ಕಿವಿಯಲ್ಲಿ ಹೇಳಿದ. ಕಣ್ಣು ಕೆಂಪಾಗಿತ್ತು. ನಿದ್ದೆ ಇಲ್ಲದ ಕಣ್ಣು.

ಇರ್ಷಾದ್ ತಡೆಯಲಾರದೆ ಅವನ ಮನೆಗೆ ಹೋದ. ತಾಯಿ ಶಂಕರಿಯಕ್ಕ ಅಡುಗೆ ಮನೆಯ ಬಾಗಿಲಲ್ಲೇ ಕೂತು ಸೆರಗಿನಲ್ಲಿ ಕಣ್ಣು ಒರೆಸುತ್ತಿದ್ದರು.

"ಊಟ ಮಾಡುವುದಿಲ್ಲ ಇರ್ಷಾದ್. ನಾನು ವಿಷ ಹಾಕಿದ್ದೇನಂತೆ. ನಾನು! ಹೆತ್ತವಳು!"

ಅಣ್ಣ ಗಣೇಶಪ್ರಸಾದ ಒಳಗಿನಿಂದ ಬಂದವನೇ ಇರ್ಷಾದನನ್ನು ಅಂಗಳಕ್ಕೆ ಕರೆದು ಸ್ವರ ತಗ್ಗಿಸಿದ. "ನೋಡು ಇರ್ಷಾದ್, ಅವನಿಗೆ ಸ್ವಲ್ಪ ಟೆನ್ಶನ್, ಬೇರೆ ಎಂತದೂ ಇಲ್ಲ. ಮಂಗಳೂರಿನಲ್ಲಿ ಡಾಕ್ಟ್ರ ಅಪಾಯಿಂಟ್‌ಮೆಂಟ್ ಸಿಕ್ಕಿದೆ, ಬುಧವಾರ ಗುಟ್ಟಾಗಿ ಕರ್ಕೊಂಡು ಹೋಗ್ತೇನೆ. ಯಾರತ್ರನೂ ಹೇಳ್ಬೇಡ. ತಂಗಿ ಯಶ್ಮಿತಾಳಿಗೆ ಒಂದು ಸಂಬಂಧ ಬಂದದ್ದು ಮಾತುಕತೆಯಲ್ಲಿ ಉಂಟು."

"ಬುಧವಾರದವರೆಗೆ ಹೀಗೇ ಬಿಡುವುದಾ ಗಣೇಶಣ್ಣ?"

"ನಿದ್ದೆಗೆ ಮಾತ್ರೆ ತಂದಿದ್ದೇನೆ. ಚಾದಲ್ಲಿ ಪುಡಿ ಮಾಡಿ ಹಾಕಿದ್ರೆ ಅವನಿಗೆ ಗೊತ್ತಾಗುವುದಿಲ್ಲ."

ಆದರೆ ಗೊತ್ತಾಯಿತು. ಚಾ ಕಹಿ ಅನ್ನಿಸಿ ಶಿವು ಗ್ಲಾಸಿನ ತಳದಲ್ಲಿ ಬೆರಳಾಡಿಸಿದ. ಬಿಳಿ ಪುಡಿ ಬೆರಳಿಗೆ ಅಂಟಿತು. ಆಮೇಲೆ ಅವನು ಆ ಮನೆಯಲ್ಲಿ ನೀರನ್ನೂ ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಇರ್ಷಾದ್ ಗಾಡಿ ತೊಳೆಯುತ್ತಿದ್ದಾಗ ಯಶ್ಮಿತಾಳ ಫೋನು ಬಂತು. ಮಾತಿಗಿಂತ ಅಳುವೇ ಹೆಚ್ಚು.

"ಇರ್ಷಾದಣ್ಣ, ಶಿವು ಅಣ್ಣ ಟೆರೇಸಿಗೆ ಹೋಗಿದ್ದಾನೆ. ನೀರಿನ ಟಾಂಕಿಯ ಕಟ್ಟೆ ಮೇಲೆ ಹತ್ತಿ ನಿಂತಿದ್ದಾನೆ. ಕೆಳಗೆ ಬಾ ಅಂದ್ರೆ ಬರುವುದಿಲ್ಲ. ಬೇಗ ಬಾ!"

ಇರ್ಷಾದನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ವೇಗ. ಬಕೆಟು ಉರುಳಿಸಿಕೊಂಡೇ ಗಾಡಿ ಹತ್ತಿದ. ಸಂಘದ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಹಾಕಿದ: "ಶಿವುವಿನ ಮನೆಗೆ ಎಲ್ಲರೂ ಬನ್ನಿ, ಅರ್ಜೆಂಟ್!" ದೀಪ ಹಾಕಿದ, ಸೈರನ್ ಹಾಕಿದ, ಹೊರಟ.

ಊರು ಎಂದಿನಂತೆ ಓಡೋಡಿ ಬಂತು. ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಬಂದದ್ದು. ಗಾಡಿ ಗೇಟಿನ ಮುಂದೆ ನಿಲ್ಲುವಷ್ಟರಲ್ಲಿ ಅಂಗಳ ತುಂಬಿತ್ತು, ಪಾಗಾರದ ಗೋಡೆಯ ಮೇಲೂ ಜನ. "ಶಿವೂ, ಹಾರ್ಬೇಡ!" ಎಂದು ಒಬ್ಬ ಕಿರುಚಿದ. "ಹಿಂದಿನಿಂದ ಹತ್ತಿ ಹಿಡಿಯುವ!" ಎಂದು ಇನ್ನೊಬ್ಬ. ಗಣೇಶಪ್ರಸಾದ ಬಾವಿಯ ಹಗ್ಗ ಬಿಚ್ಚಿ ತಂದಿದ್ದ. ಯಾರೋ ಒಂದಿಬ್ಬರ ಕೈಯಲ್ಲಿ ಮೊಬೈಲು ಮೇಲಕ್ಕೆ ಎದ್ದಿತ್ತು.

ಟಾಂಕಿಯ ಕಟ್ಟೆಯ ಮೇಲೆ ನಿಂತ ಶಿವು ಕೆಳಗೆ ನೋಡಿದ. ಕೆಂಪು ದೀಪ, ಕೂಗು, ಹಗ್ಗ, ಮೊಬೈಲುಗಳು. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಬಂದ್ರು," ಅಂದ. "ನಾನು ಹೇಳ್ಲಿಲ್ವಾ? ಎಲ್ಲ ಸೇರಿ ಬಂದ್ರು!"

ಒಂದು ಹೆಜ್ಜೆ ಅಂಚಿಗೆ ಸರಿದ.

ಶಿವು ಯಾವುದಕ್ಕೆ ಹೆದರಿ ನಿದ್ದೆ ಬಿಟ್ಟಿದ್ದನೋ ಅದನ್ನೇ ತಾನು ಹೊತ್ತು ತಂದು ಅವನ ಅಂಗಳದಲ್ಲಿ ಇಳಿಸಿದ್ದೆ ಎಂದು ಇರ್ಷಾದನಿಗೆ ಅರ್ಥವಾಯಿತು. ಆದರೆ ಈಗ ಏನು ಮಾಡಬೇಕೆಂದು ಅರ್ಥವಾಗಲಿಲ್ಲ.

"ಮೊದ್ಲು ಆ ಸೈರನ್ ಬಂದ್ ಮಾಡು ಮಾರಾಯ! ದೀಪವೂ!"

ತಲೆಗೆ ಎಣ್ಣೆ ಹಾಕಿ, ತಲೆ ಒರೆಸುವ ಬೈರಾಸು ಸುತ್ತಿಕೊಂಡೇ ಓಡಿ ಬಂದಿದ್ದಳು ಸೌಮ್ಯಶ್ರೀ. ಆಚೆ ಓಣಿಯವಳು, ತಾಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ನರ್ಸ್. ಇರ್ಷಾದ್ ಸ್ವಿಚ್ಚು ಒತ್ತಿದ. ಸದ್ದು ನಿಂತದ್ದೇ ತಡ, ಮೇಲೆ ನಿಂತವನ ಹೆಗಲು ಒಂದಿಷ್ಟು ಇಳಿದದ್ದು ಕೆಳಗಿನಿಂದಲೇ ಕಂಡಿತು.

"ಮಮ್ಮುಂಞಿ ಕಾಕ, ಇವರನ್ನೆಲ್ಲ ಇಲ್ಲಿಂದ ಕಳಿಸ್ಬೇಕು. ಜನ ಕಂಡಷ್ಟು ಅವನಿಗೆ ಹೆದರಿಕೆ ಜಾಸ್ತಿ."

ಕಾಕ ಒಂದು ಕ್ಷಣ ತಲೆ ಕೆರೆದುಕೊಂಡರು. ಬಯ್ದರೆ ಹೋಗುವ ಜನ ಅಲ್ಲ ಎಂದು ಅವರಿಗೆ ಗೊತ್ತು. "ಎಲ್ಲರೂ ನನ್ನ ಹೋಟೆಲಿಗೆ ನಡೀರಿ," ಅಂದರು. "ಇವತ್ತು ಚಾ ನನ್ನ ಲೆಕ್ಕ. ಫೋನು ಕಿಸೆಗೆ ಹಾಕಿ. ವಿಡಿಯೋ ತೆಗೆದವನಿಗೆ ಮಾತ್ರ ಚಾವೂ ಇಲ್ಲ, ನಾಳೆಯಿಂದ ಹೋಟೆಲೂ ಇಲ್ಲ."

"ಬಿಸ್ಕುಟ್ ಉಂಟಾ ಕಾಕ?" ಎಂದ ಪಾಗಾರದ ಮೇಲಿದ್ದ ಯೋಗೀಶ್.

"ಇಳಿ ಮೊದ್ಲು, ಮಂಗ!"

ಅಂಗಳ ಖಾಲಿಯಾಯಿತು. ಗಣೇಶಪ್ರಸಾದ ಮಾತ್ರ ಹಗ್ಗ ಬಿಡಲಿಲ್ಲ.

"ಕಟ್ಟದೆ ಆಗುವುದಿಲ್ಲ ಸೌಮ್ಯ. ಕೈಕಾಲು ಕಟ್ಟಿ ಸೀದಾ ಮಂಗಳೂರಿಗೆ ಹೋಗುವ. ಇಲ್ಲಿಯ ಆಸ್ಪತ್ರೆಗೆ ಹೋದ್ರೆ ಊರಿಗೆಲ್ಲ ಗೊತ್ತಾಗ್ತದೆ."

"ಊರಿಗೆ ಈಗ ಗೊತ್ತಾಗ್ಲಿಕ್ಕೆ ಎಂತ ಬಾಕಿ ಉಂಟು ಗಣೇಶಣ್ಣ? ಎಲ್ಲ ಅಲ್ಲಿ ಚಾ ಕುಡೀತಾ ಇದ್ದಾರೆ."

"ತಮಾಷೆಯಾ ನಿನಗೆ?"

"ಅಲ್ಲ. ಕೇಳಿ. ಅವನಿಗೆ ಎದೆನೋವು ಬಂದಿದ್ರೆ ನೀವು ಬುಧವಾರಕ್ಕೆ ಕಾಯ್ತಿದ್ರಾ? ಹತ್ತಿರದ ಆಸ್ಪತ್ರೆಯ ಕ್ಯಾಶುವಾಲಿಟಿ ಬಿಟ್ಟು ದೂರದ್ದು ಹುಡುಕ್ತಿದ್ರಾ? ಇದೂ ಹಾಗೇ ಒಂದು ಎಮರ್ಜೆನ್ಸಿ. ತಾಲೂಕು ಆಸ್ಪತ್ರೆಯ ಕ್ಯಾಶುವಾಲಿಟಿ ಡಾಕ್ಟ್ರೇ ಚಿಕಿತ್ಸೆ ಶುರು ಮಾಡ್ಬಹುದು, ಕಾನೂನಿನಲ್ಲಿ ಅದಕ್ಕೆ ಅವಕಾಶ ಉಂಟು. ಕಟ್ಟಿ ಹಾಕ್ಲಿಕ್ಕೆ ಮಾತ್ರ ಇಲ್ಲ. ಹಗ್ಗ ಬಾವಿಗೆ ಬೇಕು, ಅಲ್ಲಿಗೇ ಕೊಂಡು ಹೋಗಿ."

"ಹಗ್ಗ ಇಲ್ಲದೆ ಅವನು ಇಳೀತಾನಾ?"

"ಹಗ್ಗ ನೋಡಿಯೇ ಇಳೀತಾ ಇಲ್ಲ."

ಗಣೇಶಪ್ರಸಾದ ಹಗ್ಗವನ್ನು ಬಾವಿಯ ಕಡೆ ಎಸೆದ. ಸೌಮ್ಯಶ್ರೀ ಯಶ್ಮಿತಾಳ ಕಡೆ ತಿರುಗಿದಳು. "ನೀನು ೧೪೪೧೬ಕ್ಕೆ ಫೋನು ಮಾಡು. ಮಾನಸಿಕ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡು ಆಗುವುದಿಲ್ಲ, ಕನ್ನಡದಲ್ಲಿ ಮಾತಾಡ್ಲಿಕ್ಕೆ ಕೇಳು. ಆಗಿದ್ದೆಲ್ಲ ಹೇಳು, ಲೈನ್ ಕಟ್ ಮಾಡ್ಬೇಡ. ನಾನು ಆಸ್ಪತ್ರೆಗೆ ಹೇಳ್ತೇನೆ. ಶಂಕರಿಯಕ್ಕ, ಕತ್ತಿ ಗಿತ್ತಿ ಇದ್ರೆ ಎತ್ತಿ ಒಳಗಿಡಿ." ಆಮೇಲೆ ಕೇಳಿದಳು, "ಅವನು ಯಾರನ್ನು ನಂಬ್ತಾನೆ?"

ಅಣ್ಣ ತಲೆ ತಗ್ಗಿಸಿದ. ಕೊನೆಗೆ ಯಶ್ಮಿತಾ ಇರ್ಷಾದನತ್ತ ಕೈ ತೋರಿಸಿದಳು.

"ನಾನಾ?" ಇರ್ಷಾದ್ ಒಂದು ಹೆಜ್ಜೆ ಹಿಂದೆ ಸರಿದ. "ನಾನು ಡ್ರೈವರ್ ಸೌಮ್ಯಕ್ಕ. ನನಗೆ ಎಂತ ಮಾತಾಡ್ಲಿಕ್ಕೆ ಗೊತ್ತುಂಟು?"

"ಭಾಷಣ ಬೇಡ. ಹತ್ತಿರ ಹೋಗ್ಬೇಡ, ಕೂತು ಮಾತಾಡು. ಅವನು ಹೇಳುವುದು ಸುಳ್ಳು ಅಂತ ವಾದ ಮಾಡ್ಬೇಡ. ಹೌದು ಹೌದು ಅಂತ ನಾಟಕವೂ ಬೇಡ. ಸಾಯುವ ಯೋಚನೆ ಉಂಟಾ ಅಂತ ನೇರ ಕೇಳು. ಕೇಳಿದ್ರೆ ಯೋಚನೆ ಹುಟ್ಟುವುದಿಲ್ಲ, ಹೇಳ್ಲಿಕ್ಕೆ ದಾರಿ ಆಗ್ತದೆ. ಒಂದೇ ಒಂದು ಸುಳ್ಳೂ ಹೇಳ್ಬೇಡ. ನಾನು ಮೆಟ್ಟಿಲಲ್ಲೇ ಇರ್ತೇನೆ."

ಇರ್ಷಾದ್ ಗಾಡಿಯಲ್ಲಿದ್ದ ಸೀಲ್ ಒಡೆಯದ ನೀರಿನ ಬಾಟಲಿ ಹಿಡಿದು ಮೇಲೆ ಹೋದ. ಮೆಟ್ಟಿಲು ಮುಗಿಯುವಲ್ಲೇ ಕೂತ. ಬಿಸಿಲಿಗೆ ಟೆರೇಸು ಕಾದಿತ್ತು.

"ಶಿವೂ."

"ನೀನೇ ಅಲ್ವಾ ಅವರನ್ನು ಕರ್ಕೊಂಡು ಬಂದದ್ದು?"

ಇಲ್ಲ ಎನ್ನಲು ನಾಲಿಗೆ ಎದ್ದಿತು. ಇರ್ಷಾದ್ ಅದನ್ನು ನುಂಗಿದ.

"ಹೌದು. ನಾನೇ ಕರೆದದ್ದು. ಹೆದರಿಕೆಯಲ್ಲಿ ಕರೆದೆ, ತಪ್ಪಾಯ್ತು. ಈಗ ಎಲ್ಲ ಹೋದ್ರು. ಬೇಕಾದ್ರೆ ಅಲ್ಲಿಂದಲೇ ನೋಡು."

ಶಿವು ನೋಡಿದ. ಅಂಗಳದಲ್ಲಿ ತುಳಸಿಕಟ್ಟೆ, ಬಿದ್ದ ಒಂದು ಚಪ್ಪಲಿ, ಜಗಲಿಯ ಮೆಟ್ಟಿಲ ಮೇಲೆ ತಾಯಿ. ಬೇರೆ ಯಾರೂ ಇಲ್ಲ. ಅಂಚಿನಿಂದ ಸ್ವಲ್ಪ ಹಿಂದೆ ಸರಿದು ಟಾಂಕಿಗೆ ಒರಗಿದ.

"ಗೋಡೆಯೊಳಗೆ ಮಾತಾಡ್ತಾ ಇದ್ದಾರೆ. ನಿನಗೆ ಕೇಳ್ತದಾ?"

"ನನಗೆ ಕೇಳುವುದಿಲ್ಲ ಮಾರಾಯ. ನಿನಗೆ ಕೇಳ್ತಾ ಉಂಟು ಅಂತ ಗೊತ್ತಾಗ್ತದೆ. ಹೆದರಿಕೆ ಆಗ್ತದಲ್ವಾ?"

ಶಿವು ತಲೆಯಾಡಿಸಿದ. "ಆಗ್ತದೆ."

"ಸಾಯುವ ಯೋಚನೆ ಬರ್ತದಾ ಶಿವು?"

"ಹಾರು ಅಂತ ಆ ಸ್ವರಗಳು ಹೇಳ್ತವೆ." ಅವನು ಎರಡೂ ಕಿವಿ ಮುಚ್ಚಿಕೊಂಡ. "ನನಗೆ ಇಷ್ಟ ಇಲ್ಲ ಇರ್ಷಾದ್. ನನಗೆ ಇಷ್ಟ ಇಲ್ಲ. ನನಗೆ ನಿದ್ದೆ ಬೇಕು, ಅಷ್ಟೆ."

ಇರ್ಷಾದ್ ಬಾಟಲಿಯ ಸೀಲು ಅವನ ಎದುರೇ ಒಡೆದು, ತಾನು ಒಂದು ಗುಟುಕು ಕುಡಿದು, ಮುಚ್ಚಳ ಹಾಕಿ, ನೆಲದ ಮೇಲೆ ಮೆಲ್ಲ ಉರುಳಿಸಿದ. ಶಿವು ಬಾಟಲಿಯನ್ನೂ ಗೆಳೆಯನನ್ನೂ ನೋಡಿದ. ಆಮೇಲೆ ಕಟ್ಟೆಯಿಂದ ಇಳಿದು ಅಲ್ಲೇ ಕೂತು ಇಡೀ ಬಾಟಲಿ ಗಟಗಟನೆ ಕುಡಿದ.

"ಆಸ್ಪತ್ರೆಯಲ್ಲಿ ಡಾಕ್ಟ್ರು ನೋಡ್ತಾರೆ. ನಿದ್ದೆಗೆ ಮದ್ದು ಉಂಟು, ಈ ಹೆದರಿಕೆಗೂ ಉಂಟು. ನಾನು ಜೊತೆಗೆ ಇರ್ತೇನೆ," ಎಂದ ಇರ್ಷಾದ್.

"ಕಟ್ಟಿ ಹಾಕ್ತೀರಾ?"

"ಇಲ್ಲ."

"ಸೈರನ್?"

"ಹಾಕುವುದಿಲ್ಲ."

"ದಾರಿಯಲ್ಲಿ?"

"ದಾರಿಯಲ್ಲಿಯೂ ಹಾಕುವುದಿಲ್ಲ. ನನ್ನ ಮಾತು."

ಹೀಗೆ ಆ ಆಂಬುಲೆನ್ಸ್ ಮೊದಲ ಸಲ ರೋಗಿಯನ್ನು ಹೊತ್ತು ಸದ್ದಿಲ್ಲದೆ ಹೊರಟಿತು. ಶಿವು ಮಲಗಲು ಒಪ್ಪಲಿಲ್ಲ, ಕೂತೇ ಬಂದ. ಒಂದು ಬದಿ ಸೌಮ್ಯಶ್ರೀ, ಎದುರು ತಾಯಿ. ಗಣೇಶಪ್ರಸಾದ ಮುಂದಿನ ಸೀಟಿನಲ್ಲಿ ಕಲ್ಲಿನಂತೆ ಕೂತಿದ್ದ.

ಹೆದ್ದಾರಿಗೆ ಬಂದರೆ ಸರ್ವಿಸ್ ರಸ್ತೆಯಲ್ಲಿ ಒಂದು ಲಾರಿ ಕೆಟ್ಟು ನಿಂತಿದೆ. ಅದರ ಹಿಂದೆ ಬಸ್ಸು, ಕಾರು, ರಿಕ್ಷಾ, ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಇರ್ಷಾದನ ಕೈ ತಾನಾಗಿ ಸ್ವಿಚ್ಚಿನ ಮೇಲೆ ಹೋಯಿತು. ಒಂದು ಸಲ ಒತ್ತಿದರೆ ಸಾಕು, ದಾರಿ ಆಗುತ್ತದೆ. ಕನ್ನಡಿ ನೋಡಿದ. ಅಲ್ಲಿ ಶಿವುವಿನ ಎರಡು ಕಣ್ಣು ಅವನ ಕೈಯನ್ನೇ ನೋಡುತ್ತಿದ್ದವು.

ಇರ್ಷಾದ್ ಕೈ ಎತ್ತಿ ಸ್ಟಿಯರಿಂಗಿನ ಮೇಲೆ ಇಟ್ಟ.

"ಹಾಕು ಮಾರಾಯ, ಸಾಯ್ಲಿಕ್ಕಾ ನಾವು ಇಲ್ಲಿ?" ಗಣೇಶಪ್ರಸಾದ ಪಿಸುಗುಟ್ಟಿದ.

"ಮಾತು ಕೊಟ್ಟಿದ್ದೇನೆ ಗಣೇಶಣ್ಣ. ಮಮ್ಮುಂಞಿ ಕಾಕನಿಗೆ ಫೋನು ಮಾಡಿ."

ಆಚೆಯಿಂದ ಕಾಕನ ಸ್ವರ ಬಂತು, "ಲಾರಿ ಕೆಟ್ಟ ಸುದ್ದಿ ಇಲ್ಲಿಗೆ ಬಂತು, ಹುಡುಗರಿಗೆ ಹೇಳಿಯೇ ಆಗಿದೆ. ಚಾ ಅರ್ಧಕ್ಕೆ ಬಿಟ್ಟು ಹೊರಟಾಯ್ತು. ಬಾಯಿ ಮುಚ್ಚಿ ಕೆಲಸ ಮಾಡಿ ಅಂದಿದ್ದೇನೆ."

"ಶಿವು, ನಮ್ಮ ಹುಡುಗರು ಮುಂದೆ ರಸ್ತೆ ಬಿಡಿಸ್ತಾರೆ," ಸೌಮ್ಯಶ್ರೀ ಮೊದಲೇ ಹೇಳಿದಳು. "ಅವರು ಗಾಡಿಯ ಹತ್ತಿರ ಬರುವುದಿಲ್ಲ."

ಬಂದರು. ಅದೇ ಬೈಕುಗಳು, ಅದೇ ಹುಡುಗರು. ಒಂದು ಹಾರ್ನ್ ಇಲ್ಲ, ಒಂದು ಕೂಗು ಇಲ್ಲ. ಕಾರಿನ ಕಿಟಕಿಯ ಬಳಿ ಬಗ್ಗಿ ಏನೋ ಹೇಳುತ್ತಾರೆ, ಕಾರು ಬದಿಗೆ ಸರಿಯುತ್ತದೆ. ಬಸ್ಸಿಗೆ ಬರೇ ಕೈ ಎತ್ತುತ್ತಾರೆ, ಬಸ್ಸು ಹಿಂದೆ ಹೋಗುತ್ತದೆ. ಯೋಗೀಶ್ ರಸ್ತೆಯ ನಡುವೆ ಗಾಡಿಗೆ ಬೆನ್ನು ಹಾಕಿ ನಿಂತು ಎರಡೂ ಕೈ ಚಾಚಿದ್ದ. ಆಂಬುಲೆನ್ಸ್ ಪಕ್ಕದಿಂದ ಹಾದು ಹೋಗುವಾಗ ಅವರಲ್ಲಿ ಒಬ್ಬನೂ ಒಳಗೆ ಇಣುಕಲಿಲ್ಲ.

ಶಂಕರಿಯಕ್ಕ ಮಗನ ಕಡೆ ಕೈ ಚಾಚಿದರು. ಅವನು ಹಿಡಿಯಲಿಲ್ಲ. ಆದರೆ ದೂಡಲೂ ಇಲ್ಲ.

ಕ್ಯಾಶುವಾಲಿಟಿಯಲ್ಲಿ ಸಣ್ಣ ಪ್ರಾಯದ ಡಾಕ್ಟ್ರಮ್ಮ ಕಾಯುತ್ತಿದ್ದರು. ಗಲಾಟೆ ಇಲ್ಲದ ಒಂದು ಮೂಲೆಗೆ ಕರೆದುಕೊಂಡು ಹೋದರು. ಜ್ವರ ಉಂಟಾ, ತಲೆಗೆ ಪೆಟ್ಟು ಬಿದ್ದದ್ದುಂಟಾ, ಕುಡಿತ ಉಂಟಾ ಎಂದು ಕೇಳಿದರು. ರಕ್ತದಲ್ಲಿ ಸಕ್ಕರೆ ನೋಡಿದರು. ಆಮೇಲೆ, "ಮನೆಯಲ್ಲಿ ಏನಾದರೂ ಮದ್ದು ಕೊಟ್ಟಿದ್ದೀರಾ?" ಎಂದರು.

ಗಣೇಶಪ್ರಸಾದ ಮುಂದೆ ಬಂದು ತಮ್ಮನ ಎದುರೇ ಹೇಳಿದ. "ಚಾದಲ್ಲಿ ನಿದ್ದೆ ಮಾತ್ರೆ ಹಾಕಿದ್ದೆ. ಅಮ್ಮನಿಗೆ ಗೊತ್ತಿಲ್ಲ. ನಾನು ಮಾಡಿದ್ದು." ಕಿಸೆಯಿಂದ ಮಾತ್ರೆಯ ಪಟ್ಟಿ ತೆಗೆದುಕೊಟ್ಟ.

ಶಿವು ತಲೆ ಎತ್ತಿದ. "ಅಂದ್ರೆ ಪುಡಿ ಇತ್ತು? ನನ್ನ ಭ್ರಮೆ ಅಲ್ಲ?"

"ಇತ್ತು ಶಿವು. ಅದು ಭ್ರಮೆ ಅಲ್ಲ. ಇನ್ನು ನಿನಗೆ ಹೇಳದೆ ಎಂತದೂ ಕೊಡುವುದಿಲ್ಲ."

ಡಾಕ್ಟ್ರಮ್ಮ ಸೂಜಿಯನ್ನು ತೋರಿಸಿ, ಇದು ಯಾವ ಮದ್ದು, ಯಾಕೆ ಕೊಡುವುದು ಎಂದು ಅವನಿಗೇ ಹೇಳಿದರು. ಅವನು ತೋಳು ಚಾಚಿದ. ಮಾನಸಿಕ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ ಅವನನ್ನು ಅಲ್ಲೇ ಉಳಿಸಿಕೊಂಡರು. ಶಿವುವಿಗೆ ನಿದ್ದೆ ಹತ್ತಿತು. ಎಷ್ಟೋ ಸಮಯದ ಬಾಕಿ ನಿದ್ದೆ. ಎದ್ದಾಗ ತಾಯಿ ಗಂಜಿಯ ಪಾತ್ರೆ ಹಿಡಿದು ಹೆದರಿ ಹೆದರಿ ಕೂತಿದ್ದರು. ಅವನು ಪಾತ್ರೆಯನ್ನು ನೋಡಿದ, ತಾಯಿಯನ್ನು ನೋಡಿದ.

"ಉಪ್ಪಿನಕಾಯಿ ಇಲ್ವಾ ಅಮ್ಮ?"

ಶಂಕರಿಯಕ್ಕ ಆಗ ಅತ್ತ ಹಾಗೆ ಎಂದೂ ಅತ್ತಿರಲಿಲ್ಲ. ಹೊರಗೆ ವರಾಂಡದಲ್ಲಿ ಗಣೇಶಪ್ರಸಾದ ಗೋಡೆಗೆ ಒರಗಿದ. "ಮದ್ದು ಇಷ್ಟು ಹತ್ತಿರ ಇತ್ತಲ್ಲ ಇರ್ಷಾದ್," ಎಂದಷ್ಟೇ ಹೇಳಿದ.

ಶಿವು ಒಂದೇ ದಿನದಲ್ಲಿ ಗುಣವಾದ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ವಾರ್ಡಿನಲ್ಲಿ ಇರಬೇಕಾಯಿತು, ಮದ್ದು ಬದಲಾಯಿಸಬೇಕಾಯಿತು. ಮನೆಗೆ ಬಂದ ಮೇಲೆ ಒಮ್ಮೆ, "ನನಗೆ ಎಂತದೂ ಇಲ್ಲ, ಮಾತ್ರೆ ಬೇಡ," ಎಂದು ಹಟ ಹಿಡಿದ. ಆಗ ಸೌಮ್ಯಶ್ರೀಯೂ ಊರಿನ ಆಶಾ ಕಾರ್ಯಕರ್ತೆ ಈಶ್ವರಿಯೂ ಮನೆಗೆ ಬಂದು ಕೂತು ಮಾತಾಡಿದರು. ಬಂದಿದ್ದ ಸಂಬಂಧದ ವಿಷಯಕ್ಕೆ ಯಶ್ಮಿತಾ ತಾನೇ ಉತ್ತರ ಕೊಟ್ಟಳು: "ಎಲ್ಲ ಹೇಳಿಯೇ ಮಾತಾಡುವ ಅಣ್ಣ. ಮನೆಯವನಿಗೆ ಹುಷಾರಿಲ್ಲ ಅಂತ ಕೇಳಿ ಓಡುವವರು ನಾಳೆ ನನಗೆ ಹುಷಾರಿಲ್ಲದಾಗ ಇರ್ತಾರಾ?" ಗಣೇಶಪ್ರಸಾದ ಈ ಸಲ ವಾದ ಮಾಡಲಿಲ್ಲ. ಈಗ ತಮ್ಮನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುವವನು ಅವನೇ. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ, "ತಮ್ಮನ ಮದ್ದಿಗೆ," ಎಂದು ದೊಡ್ಡ ಸ್ವರದಲ್ಲೇ ಹೇಳುತ್ತಾನೆ.

ಅಂಗಡಿಯ ಶಟರ್ ಪೂರ್ತಿ ಮೇಲೆ ಹೋದ ದಿನ ಶಿವು ಒಂದು ಸಣ್ಣ ಸ್ಟಿಕ್ಕರ್ ಹಿಡಿದು ಆಂಬುಲೆನ್ಸಿನ ಬಳಿ ಬಂದ. ಸೈರನ್ ಸ್ವಿಚ್ಚಿನ ಪಕ್ಕದಲ್ಲಿ ಅದನ್ನು ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ. ಇರ್ಷಾದ್ ಬಗ್ಗಿ ಓದಿದ: 'ಒಳಗಿದ್ದವರನ್ನು ಕೇಳಿ ಹಾಕು.'

"ಇದು ಉಲ್ಟಾ ಇಲ್ಲ!" ಎಂದ ಇರ್ಷಾದ್.

"ಇದು ನಿನಗೆ ಓದ್ಲಿಕ್ಕೆ," ಎಂದು ಶಿವು ನಕ್ಕ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಓಣಿಯಲ್ಲೂ ಒಬ್ಬ ಶಿವು ಇರಬಹುದು. ನಿದ್ದೆ ಬಿಟ್ಟು, ಊಟ ಬಿಟ್ಟು, ಇಲ್ಲದ ಸ್ವರ ಕೇಳಿ ಹೆದರುವವರು, ಸಾಯುತ್ತೇನೆ ಎನ್ನುವವರು ಕಂಡರೆ ಒಳ್ಳೆಯ ದಿನಕ್ಕೂ ದೂರದ ಆಸ್ಪತ್ರೆಗೂ ಕಾಯಬೇಡಿ. ಅವರನ್ನು ಒಬ್ಬರೇ ಬಿಡಬೇಡಿ. ೧೪೪೧೬ಕ್ಕೆ ಹಗಲೋ ರಾತ್ರಿಯೋ ಫೋನು ಮಾಡಿ, ಜೀವಕ್ಕೆ ಅಪಾಯ ಅನ್ನಿಸಿದರೆ ೧೦೮ಕ್ಕೆ ಮಾಡಿ, ಹತ್ತಿರದ ಕ್ಯಾಶುವಾಲಿಟಿಗೆ ಹೋಗಿ. ಹಗ್ಗ ಬೇಡ, ಚಾದಲ್ಲಿ ಕದ್ದು ಹಾಕುವ ಮಾತ್ರೆ ಬೇಡ, ಮೊಬೈಲು ಕಿಸೆಯಲ್ಲೇ ಇರಲಿ. ಅವರು ನಂಬುವ ಒಬ್ಬರು ಪಕ್ಕದಲ್ಲಿ ಕೂತು ಮಾತಾಡಲಿ. ಉಳಿದವರಿಗೆ ಕೆಲಸ ಇಲ್ಲವೆಂದಲ್ಲ. ರಸ್ತೆಯ ನಡುವೆ ಬೆನ್ನು ಹಾಕಿ ನಿಂತು ಕೈ ಚಾಚಿದ ಆ ಹುಡುಗನ ಹಾಗೆ, ಇಣುಕದೆ ದಾರಿ ಬಿಡಿಸಿಕೊಡಿ.